ಟೈರಿಗಿಂತ ಮೊದಲು ರಿಮ್ ನೋಡಿ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಕಮ್ಮರಡಿ, ಕೊಪ್ಪ, ಶೃಂಗೇರಿ ಕಡೆ ಕಾರಿದ್ದವರಿಗೆ ಟೈರಿನ ಯೋಚನೆ ಶುರುವಾಗುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಜೂನ್ ಹಿಡಿದರೆ ರಸ್ತೆ ಒಣಗುವ ಮಾತಿಲ್ಲ. 'ಹೇಗೂ ಬದಲಿಸ್ತೀವಿ, ಒಂದು ಸೈಜ್ ಅಗಲದ್ದೇ ಹಾಕ್ಸೋಣ, ಗ್ರಿಪ್ ಜಾಸ್ತಿ' ಎಂಬ ಮಾತು ಆಗಲೇ ಹುಟ್ಟುವುದು. ಈ ಲೆಕ್ಕಾಚಾರ ನಮ್ಮ ಮಳೆಗೂ ತಿರುವುಗಳಿಗೂ ಹೊಂದುವುದಿಲ್ಲ.

ಚಕ್ರದ ರಿಮ್ಮಿಗೆ ಮೆತ್ತಿದ ಕೆಮ್ಮಣ್ಣು ಒರೆಸಿ ನೋಡಿ. '5ಜೆ × 14' ಎಂಬಂಥ ಅಚ್ಚು ಸಿಗುತ್ತದೆ. 5 ಎಂದರೆ ಟೈರ್ ಕೂರುವ ಜಾಗದ ಅಗಲ, 14 ಎಂದರೆ ವ್ಯಾಸ, ಎರಡೂ ಇಂಚಿನಲ್ಲಿ. ಟೈರಿನ ಮೇಲೆ 165/80 ಆರ್14 ಎಂದಿದ್ದರೆ ಅದರ ಅಗಲ 165 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇ 80. ವ್ಯಾಸ ತಪ್ಪಿದರೆ ಟೈರ್ ಕೂರುವುದೇ ಇಲ್ಲ. ಅಗಲ ತಪ್ಪಿದರೆ ಕೂರುತ್ತದೆ, ತೊಂದರೆ ಇರುವುದೇ ಅಲ್ಲಿ. 165/80 ಆರ್14ಕ್ಕೆ 4ರಿಂದ 5.5 ಇಂಚಿನ ರಿಮ್ ಆಗುತ್ತದೆ. 185/65 ಆರ್15ಕ್ಕೆ 5ರಿಂದ 6.5 ಇಂಚು. 205/65 ಆರ್15ಕ್ಕೆ ಕನಿಷ್ಠ 5.5 ಬೇಕೇ ಬೇಕು.

ಕಿರಿದಾದ ರಿಮ್ಮಿಗೆ ಅಗಲದ ಟೈರ್ ಬಿಗಿದರೆ ಪಕ್ಕಗಳು ಉಬ್ಬುತ್ತವೆ, ನೆಲ ಮುಟ್ಟುವ ಭಾಗ ದುಂಡಗಾಗಿ ನಡುವೆ ಬೇಗ ಸವೆಯುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇದು ಕೈಗೇ ಗೊತ್ತಾಗುತ್ತದೆ. ರಿಮ್ ಮೊದಲು ತಿರುಗಿ, ಪಕ್ಕದ ರಬ್ಬರ್ ಬಾಗಿ, ಆಮೇಲೆ ಟೈರ್ ಹಿಂದೆ ಬರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ಅಲ್ಲಿ ಕೆಸರು ಕಟ್ಟಿದ್ದರೆ ಕೇಳುವುದೇ ಬೇಡ. ಅಗಲ ರಿಮ್ಮಿಗೆ ಕಿರಿದಾದ ಟೈರ್ ಹಾಕುವ ಚಂದವೂ ಇತ್ತೀಚೆಗೆ ಬಂದಿದೆ. ಅದರಲ್ಲಿ ರಿಮ್ಮಿನ ಅಂಚು ಹೊರಗೆ ಬಿದ್ದು, ಗುಂಡಿಯ ಹೊಡೆತ ನೇರ ಅದಕ್ಕೇ ತಾಗುತ್ತದೆ.

ಇನ್ನು ಗ್ರಿಪ್. ಟೈರ್ ನೆಲ ಮುಟ್ಟುವ ಜಾಗ ಎಷ್ಟೆಂಬುದನ್ನು ಬಹುಪಾಲು ನಿರ್ಧರಿಸುವುದು ಕಾರಿನ ಭಾರ ಮತ್ತು ಗಾಳಿಯ ಒತ್ತಡ. ಅಗಲ ಹೆಚ್ಚಿಸಿದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಣ ಹೆದ್ದಾರಿಯ ತಿರುವಿನಲ್ಲಿ ಅದರಿಂದ ಲಾಭವಿದೆ. ಆದರೆ ನೀರು ನಿಂತ ರಸ್ತೆಯಲ್ಲಿ ಅಗಲ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ತಳ್ಳಲಾಗದಿದ್ದರೆ ನೀರಿನ ಮೇಲೆ ತೇಲುತ್ತದೆ. ಆ ಕ್ಷಣ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಹಿಂದೆ ಅಡಿಕೆ ತೋಟದ ಏರುಗಳನ್ನು ಹತ್ತಿದ ಜೀಪುಗಳ ಟೈರ್ 6.00-16, ಅಂದರೆ ಆರೇ ಇಂಚು ಅಗಲ. ತೆಳು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುವುದಕ್ಕೆ ಅಷ್ಟು ಸಾಕಿತ್ತು.

ಅಗಲದ್ದೇ ಬೇಕೆಂದರೆ ಕಂಪನಿ ಹೇಗೆ ಮಾಡುತ್ತದೆ ನೋಡಿ. ಸ್ವಿಫ್ಟ್‌ನ ಕೆಳ ಮಾದರಿಗಳಿಗೆ 165/80 ಆರ್14 ಬಂದರೆ, ಮೇಲಿನವಕ್ಕೆ 185/65 ಆರ್15. ಅಗಲದ ಜೊತೆ ರಿಮ್ಮನ್ನೂ ಬದಲಿಸಿದ್ದಾರೆ. ಎರಡರ ಒಟ್ಟು ಎತ್ತರದಲ್ಲಿ ವ್ಯತ್ಯಾಸ 2 ಮಿ.ಮೀ. ಮಾತ್ರ, ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ.

ಅಗಲಕ್ಕೆ ಸುರಿಯುವ ದುಡ್ಡಿದ್ದರೆ ಕಂಪನಿ ಹೇಳಿದ ಸೈಜಿನಲ್ಲೇ ಒಳ್ಳೆಯ ಟೈರನ್ನು ಒಂದು ಮಳೆಗಾಲ ಮೊದಲೇ ಹಾಕಿಸಿ. ಕಾನೂನಿನ ಪ್ರಕಾರ ಕಾರಿನ ಟೈರಿಗೆ 1.6 ಮಿ.ಮೀ. ಗೀರು ಉಳಿದಿರಬೇಕು, ನಮ್ಮ ಮಳೆಗೆ ಅಷ್ಟು ಸವೆಯುವ ತನಕ ಕಾಯಬಾರದು. ಸ್ಟೆಪ್ನಿಯನ್ನೂ ಅಂದೇ ಇಳಿಸಿ ಅದರ ಸೈಜ್ ಓದಿ, ಗಾಳಿ ನೋಡಿಸಿ.