ಮನೆಯಂಗಳದಲ್ಲಿ ಹೊಸ ಟೈರು

ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೂಡಿಸುವ ಕಮ್ಮಾರನ ಕೈಚಳಕವನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಪಟ್ಟಿಯ ಅಳತೆ ಗಾಲಿಯ ಅಳತೆಗಿಂತ ತುಸು ಕಿರಿದು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಹಿಗ್ಗಿರುವಾಗಲೇ ಗಾಲಿಯ ಮೇಲಿಳಿಸಿ ನೀರು ಹೊಯ್ದರೆ ಕುಗ್ಗಿ, ಮರವನ್ನು ಬಿಗಿದಪ್ಪುತ್ತದೆ. ಮೋಟಾರು ಕಾರಿನ ಗಾಲಿಗೆ ರಬ್ಬರಿನ ಟೈರು ಹಾಕುವಲ್ಲಿಯೂ ಇದೇ ಸಮಸ್ಯೆಯುಂಟು. ಟೈರಿನ ಬಾಯಿ ರಿಮ್ಮಿನ ಅಂಚಿಗಿಂತ ಕಿರಿದು. ಆ ಬಾಯೊಳಗೆ ಉಕ್ಕಿನ ತಂತಿಗಳ ಬಳೆಯಿರುವುದರಿಂದ ಎಷ್ಟು ಎಳೆದರೂ ಅದು ಹಿಗ್ಗದು. ಬೆಂಕಿಯ ನೆರವಂತೂ ಇಲ್ಲಿಲ್ಲ. ಹಾಗಾದರೆ ಕಿರಿದಾದ ಬಾಯಿ ಹಿರಿದಾದ ಅಂಚನ್ನು ದಾಟುವುದೆಂತು?

ಈ ಪ್ರಶ್ನೆಯ ಉತ್ತರವನ್ನು ಬಲ್ಲವನಿಗೆ ಮನೆಯಂಗಳದಲ್ಲಿ ಟೈರು ತೊಡಿಸುವುದು ಅಸಾಧ್ಯವೇನಲ್ಲ. ಅಂಗಡಿಗೆ ಹೋಗದೆಯೇ ಟೈರು ಮನೆಯ ಬಾಗಿಲಿಗೆ ಬಂದಿಳಿಯುವ ಈ ದಿನಗಳಲ್ಲಿ, ತೊಡಿಸುವ ಕೆಲಸವನ್ನೂ ತಾವೇ ಮಾಡಿದರಾಯಿತೆಂದು ಅನೇಕ ಗೃಹಸ್ಥರಿಗೆ ತೋರುವುದು ಸಹಜ. ಆದರೆ ಸಾಧ್ಯವಾದುದೆಲ್ಲವೂ ಉಚಿತವಲ್ಲ. ಈ ಕಾರ್ಯದಲ್ಲಿ ಮನೆಯ ಪಾಲೆಷ್ಟು, ಅಂಗಡಿಯ ಪಾಲೆಷ್ಟು ಎಂಬುದನ್ನು ಅರಿತು ಕೈಹಾಕುವುದು ಲೇಸು.

ಹಿಂದಿನ ಕತೆ

1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಟೈರನ್ನು ಅಳವಡಿಸಿದ. ಆರಂಭದ ಆ ಟೈರುಗಳನ್ನು ಗಾಲಿಗೆ ಅಂಟಿಸಲಾಗುತ್ತಿತ್ತು. ಮುಳ್ಳು ಚುಚ್ಚಿದರೆ ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ, ಅಂಟು ಒಣಗುವವರೆಗೆ ಕಾಯಬೇಕಿತ್ತು. ಫ್ರಾನ್ಸಿನ ಮಿಷಲಿನ್ ಸಹೋದರರು 1891ರಲ್ಲಿ ಸೈಕಲ್ಲಿಗೆ ಬಿಚ್ಚಿ ಹಾಕಬಹುದಾದ ಟೈರನ್ನು ತಂದ ಮೇಲೆ ಆ ಕಷ್ಟ ಕಳೆಯಿತು. ಸಾಮಾನ್ಯನೊಬ್ಬ ತನ್ನ ಟೈರನ್ನು ತಾನೇ ಬದಲಿಸಿಕೊಳ್ಳುವ ಸ್ವಾತಂತ್ರ್ಯ ದೊರೆತದ್ದು ಅಂದಿನಿಂದ ಎನ್ನಬಹುದು.

ನಾವೆಲ್ಲ ನಿತ್ಯವೂ ಬಳಸುವ 'ಸ್ಟೆಪ್ನಿ' ಎಂಬ ಮಾತಿಗೂ ಒಂದು ಚರಿತ್ರೆಯಿದೆ. ಅದು ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದ ಒಂದು ಬೀದಿಯ ಹೆಸರು. ಅಲ್ಲಿನ ಡೇವಿಸ್ ಎಂಬ ಸಹೋದರರು 1904ರ ಹೊತ್ತಿಗೆ ಮೋಟಾರಿಗೆ ಹೆಚ್ಚುವರಿ ಗಾಲಿಯನ್ನು ತಯಾರಿಸತೊಡಗಿದರು. ಬೀದಿಯ ಹೆಸರು ಗಾಲಿಗೆ ಬಂದು, ಗಾಲಿಯೊಡನೆ ನಮ್ಮ ಕನ್ನಡಕ್ಕೂ ಉರುಳಿ ಬಂದಿತು! ಭಾರತದಲ್ಲಿ 2020ರಲ್ಲಿ ತಿದ್ದಿದ ನಿಯಮದಂತೆ, ಟ್ಯೂಬಿಲ್ಲದ ಟೈರು, ರಂಧ್ರ ಮುಚ್ಚುವ ಸಲಕರಣೆ ಮತ್ತು ಗಾಳಿಯ ಒತ್ತಡವನ್ನು ಸೂಚಿಸುವ ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ.

ಟೈರಿನ ಬರಹ

ಟೈರನ್ನು ತೊಡಿಸುವ ಮೊದಲು ಅದರ ಪಕ್ಕದ ಮೇಲಿನ ಬರಹವನ್ನು ಓದಬೇಕು. '185/65 ಆರ್ 15 88 ಎಚ್' ಎಂದಿದ್ದರೆ ಟೈರಿನ ಅಗಲ 185 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು. 'ಆರ್' ಎಂದರೆ ರೇಡಿಯಲ್. ರಿಮ್ಮಿನ ವ್ಯಾಸ 15 ಅಂಗುಲ. 88 ಎಂಬ ಅಂಕೆ ಒಂದು ಟೈರು 560 ಕಿಲೋಗ್ರಾಂ ಹೊರಬಲ್ಲುದೆಂಬುದನ್ನೂ, 'ಎಚ್' ಎಂಬ ಅಕ್ಷರ ಗಂಟೆಗೆ 210 ಕಿಲೋಮೀಟರಿನ ಮಿತಿಯನ್ನೂ ಹೇಳುತ್ತವೆ. ತಯಾರಾದ ಕಾಲ ನಾಲ್ಕು ಅಂಕೆಗಳಲ್ಲಿರುತ್ತದೆ: 2324 ಎಂದರೆ 2024ನೆಯ ಇಸವಿಯ 23ನೆಯ ವಾರ. ಪಕ್ಕದಲ್ಲಿ ಬಾಣದ ಗುರುತಿದ್ದರೆ ಗಾಲಿ ಆ ದಿಕ್ಕಿಗೇ ಉರುಳತಕ್ಕದ್ದು.

ಎರಡೇ ಹೊಸ ಟೈರುಗಳನ್ನು ಕೊಂಡವರು ಅವನ್ನು ಮುಂದಿನ ಗಾಲಿಗಳಿಗೆ ಹಾಕುವುದು ವಾಡಿಕೆ. ಹಿಂದಕ್ಕೆ ಹಾಕುವುದೇ ಕ್ಷೇಮ. ಮಳೆಯಲ್ಲಿ ಮುಂದಿನ ಗಾಲಿ ಜಾರಿದರೆ ವೇಗ ತಗ್ಗಿಸಿ ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ.

ಗಾಲಿ ಬಿಚ್ಚುವ ಕ್ರಮ

ನೆಲ ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಬೇಕು. ಕಾರಿನೊಳಗೆ ಮಕ್ಕಳಾಗಲಿ ಹಿರಿಯರಾಗಲಿ ಕುಳಿತಿರಕೂಡದು. ಕೈಬ್ರೇಕು ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಗಾಲಿಯ ಹಿಂದುಮುಂದಕ್ಕೆ ಕಲ್ಲು ಕೊಡಬೇಕು. ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸುವುದು ಗಾಲಿ ನೆಲದ ಮೇಲಿರುವಾಗಲೇ. ಬಳಿಕ ಕಾರಿನ ಕೈಪಿಡಿ ತೋರಿಸುವ ಜಾಗದಲ್ಲಿಯೇ ಜಾಕು ಕೊಟ್ಟು ಎತ್ತಬೇಕು. ಜಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಕಂಬವಲ್ಲ. ಜಾಕಿನ ಮೇಲಷ್ಟೇ ನಿಂತ ಕಾರಿನಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡುವುದು ಪ್ರಾಣಕ್ಕೇ ಅಪಾಯ.

ನಡುವಿನ ತಗ್ಗು

ಹಳೆಯ ಟೈರನ್ನು ತೆಗೆಯಲು ವಾಲ್ವಿನ ಒಳಗಿನ ಪಿನ್ನನ್ನು ಕಳಚಿ ಗಾಳಿಯನ್ನೆಲ್ಲ ಹೊರಬಿಡಬೇಕು. ಆಮೇಲೆ ರಿಮ್ಮಿಗೆ ಕಚ್ಚಿಕೊಂಡಿರುವ ಅಂಚನ್ನು ಬಿಡಿಸುವುದು ಬಹು ಶ್ರಮದ ಕೆಲಸ; ಅಂಗಡಿಯ ಯಂತ್ರ ಕ್ಷಣದಲ್ಲಿ ಮಾಡುವುದನ್ನು ಮನೆಯಲ್ಲಿ ಬೆವರು ಸುರಿಸಿ ಮಾಡಬೇಕಾಗುತ್ತದೆ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿರುವುದು ರಿಮ್ಮಿನ ರೂಪದಲ್ಲಿ. ಅದರ ಅಗಲದ ನಡುಭಾಗದಲ್ಲಿ ಒಂದು ತಗ್ಗು ಸುತ್ತಲೂ ಕಾಲುವೆಯಂತೆ ಹರಿದಿದೆ. ಟೈರಿನ ಬಾಯಿಯ ಒಂದು ಬದಿಯನ್ನು ಆ ತಗ್ಗಿಗಿಳಿಸಿದರೆ ಉಕ್ಕಿನ ಬಳೆ ಆ ಕಡೆಗೆ ಸರಿದು, ಎದುರು ಬದಿಯಲ್ಲಿ ಸಡಿಲ ದೊರೆಯುತ್ತದೆ. ಆ ಸಡಿಲವಿರುವಲ್ಲಿ ಸನ್ನೆಗೋಲಿನಿಂದ ಸ್ವಲ್ಪ ಸ್ವಲ್ಪವೇ ಮೀಟಿದರೆ ಬಾಯಿ ಅಂಚನ್ನು ದಾಟುತ್ತದೆ. ಇದನ್ನರಿಯದೆ ಬರಿಯ ತೋಳ್ಬಲದಿಂದ ಮೀಟಿದವನು ಬಳೆಯ ತಂತಿಗಳನ್ನು ಕಡಿದು, ಹೊಸ ಟೈರನ್ನು ಮೊದಲ ದಿನವೇ ಕೆಡಿಸುತ್ತಾನೆ.

ತಗ್ಗು ಸಾಮಾನ್ಯವಾಗಿ ರಿಮ್ಮಿನ ಹೊರಮುಖಕ್ಕೆ ಸಮೀಪವಾದುದರಿಂದ ಹೊರಮುಖವನ್ನು ಮೇಲಾಗಿಸಿ ಮಲಗಿಸಬೇಕು. ಅಂಚಿಗೆ ಸಾಬೂನಿನ ನೀರು ಸವರಬೇಕು. ಎಂಜಿನ್ ಎಣ್ಣೆ, ಗ್ರೀಸುಗಳು ರಬ್ಬರಿಗೆ ಶತ್ರುಗಳು. ಹೊಸ ಟೈರಿನೊಡನೆ ರಬ್ಬರಿನ ವಾಲ್ವೂ ಹೊಸದಾಗಿರಲಿ. ಒತ್ತಡ ತಿಳಿಸುವ ಉಪಕರಣ ಗಾಲಿಯೊಳಗಿರುವ ಕಾರುಗಳಲ್ಲಿ ಸನ್ನೆಗೋಲಿನ ಒಂದು ಪೆಟ್ಟಿಗೆ ಅದು ಮುರಿಯಬಹುದು.

ಇಲ್ಲಿ ನಿಲ್ಲಬೇಕು

ಟೈರು ರಿಮ್ಮನ್ನೇರಿದ ಮೇಲೆ ಗಾಳಿಯ ಒತ್ತಡದಿಂದ ಅದರ ಎರಡು ಅಂಚುಗಳೂ ತಮ್ಮ ಪೀಠದಲ್ಲಿ ಕೂಡಬೇಕು. ಕೂಡುವಾಗ 'ಠಪ್' ಎಂಬ ಸದ್ದು ಎರಡು ಸಲ ಕೇಳಿಸುತ್ತದೆ. ಅಪಾಯ ಹೊಂಚಿ ಕುಳಿತಿರುವುದು ಇಲ್ಲಿಯೇ. ಇದಕ್ಕೆ ಚದರ ಅಂಗುಲಕ್ಕೆ 40 ಪೌಂಡಿನ ಒತ್ತಡವನ್ನು ಮೀರಬಾರದೆಂಬುದು ಸಾಮಾನ್ಯ ಕಾರಿನ ಟೈರಿನ ವಿಷಯದಲ್ಲಿ ಒಪ್ಪಿತವಾದ ಎಚ್ಚರಿಕೆ. ಮೇಲೆ ಹೇಳಿದ 15 ಅಂಗುಲದ ಟೈರನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ, ಆ ಒತ್ತಡದಲ್ಲಿ ಒಂದು ಪಕ್ಕದ ಗೋಡೆಯ ಮೇಲೆ ಗಾಳಿ ಹೇರುವ ಒಟ್ಟು ಬಲ ಸುಮಾರು 5 ಟನ್ನು ತೂಕಕ್ಕೆ ಸಮ! ಅಂಚು ಕೂಡಲಿಲ್ಲವೆಂದು ಇನ್ನಷ್ಟು ಗಾಳಿ ತುಂಬುತ್ತ ಹೋದರೆ, ಬಳೆಯ ತಂತಿ ಹರಿದು ಟೈರು ಸಿಡಿಯುವುದುಂಟು. ಮೇಲೆ ಬಾಗಿ ನಿಂತವನು ಬದುಕುಳಿಯುವುದೇ ಅನುಮಾನ. ಪೆಟ್ರೋಲು ಮುಂತಾದ ಉರಿಯುವ ವಸ್ತುವನ್ನು ಸಿಂಪಡಿಸಿ, ಕಿಡಿ ಹೊತ್ತಿಸಿ, ಆಸ್ಫೋಟದಿಂದ ಅಂಚನ್ನು ಕೂಡಿಸುವ ಸಾಹಸದ ಚಿತ್ರಗಳು ಈಗ ಕೈಯಲ್ಲಿನ ಫೋನಿನಲ್ಲಿ ಕಾಣಸಿಗುತ್ತವೆ. ಅದನ್ನು ಅನುಕರಿಸುವುದು ಶುದ್ಧ ಅವಿವೇಕ.

ಇನ್ನೊಂದು ಕಾರಣ ಸಮತೋಲನ. ಆ 15 ಅಂಗುಲದ ರಿಮ್ಮಿನ ಅಂಚಿನಲ್ಲಿ ಒಂದೆಡೆ ಬರಿಯ 20 ಗ್ರಾಂ ತೂಕ ಹೆಚ್ಚಾಗಿದ್ದರೂ, ಗಂಟೆಗೆ 100 ಕಿಲೋಮೀಟರಿನ ವೇಗದಲ್ಲಿ ಅದು ಸುಮಾರು 3 ಕಿಲೋಗ್ರಾಂ ತೂಕದಷ್ಟು ಬಲದಿಂದ, ಸೆಕೆಂಡಿಗೆ 14 ಸಲ ಗಾಲಿಯನ್ನು ಜಗ್ಗುತ್ತದೆ. ಸ್ಟಿಯರಿಂಗ್ ನಡುಗುವುದು ಇದರಿಂದಲೇ. ಈ ಲೋಪವನ್ನು ಸರಿಯಾಗಿ ಅಳೆಯುವ ಯಂತ್ರ ಮನೆಗಳಲ್ಲಿರುವುದಿಲ್ಲ.

ಆದುದರಿಂದ ವಿವೇಕದ ಹಾದಿ ಇದು: ಗಾಲಿ ಬಿಚ್ಚುವುದು, ಟೈರು ಆರಿಸುವುದು, ಗಾಲಿ ಮತ್ತೆ ಹಾಕುವುದು ಮನೆಯ ಕೆಲಸವಾಗಲಿ, ರಿಮ್ಮಿಗೆ ಟೈರು ತೊಡಿಸಿ ಗಾಳಿ ತುಂಬುವುದೂ ಸಮತೋಲನವೂ ಅಂಗಡಿಯ ಪಾಲಿಗಿರಲಿ. ಗಾಲಿ ಹಾಕಿದಾಗ ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. 50ರಿಂದ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಟೈರು ತಣ್ಣಗಿರುವಾಗ ತಿಂಗಳಿಗೊಮ್ಮೆ ಗಾಳಿ ನೋಡುವುದು, ಹೊರಮೈಯ ಗೀರುಗಳ ಆಳ 1.6 ಮಿಲಿಮೀಟರಿಗಿಳಿಯುವ ಮೊದಲೇ ಟೈರು ಬದಲಿಸುವುದು—ಇವು ಮನೆಯವರೆಲ್ಲರೂ ಕಲಿಯಬಹುದಾದ ವಿದ್ಯೆಗಳು.

ಓಡುವ ಕಾರಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ಸಂಸಾರವೊಂದರ ಪ್ರಯಾಣವೆಲ್ಲ ಅಂಥ ನಾಲ್ಕು ಅಂಗೈಗಳ ಮೇಲೆ ಸಾಗುತ್ತದೆ. ಅಂಗಡಿಗೆ ತೆರುವ ಕೂಲಿ ಉಳಿದೀತು ಎಂದು ಲೆಕ್ಕ ಹಾಕುವ ಮುನ್ನ ಈ ಲೆಕ್ಕವನ್ನೂ ಹಾಕಿಕೊಳ್ಳುವುದು ಒಳಿತು.