ಮಾಂಟ್‌ಗೊಮರಿಗೆ ಹೊರಟ ಬಸ್ಸು

ಅಮೆರಿಕದ ಅಲಬಾಮಾ ಸಂಸ್ಥಾನದ ರಾಜಧಾನಿಯಾದ ಮಾಂಟ್‌ಗೊಮರಿ ಸುಮಾರು 2 ಲಕ್ಷ ಜನರಿರುವ ಸಾಧಾರಣ ನಗರ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದು ಒಂದು ಕಾಲಕ್ಕೆ ಪ್ರಾಣಕ್ಕೆ ಎರವಾಗುವ ಪ್ರಶ್ನೆಯಾಗಿದ್ದಿತು.

ಗಡಿ ದಾಟಿದೊಡನೆ ಕಾನೂನು ಬದಲಾಗುವುದನ್ನು ಬಲ್ಲ ನಮಗೆ ಅದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಸಂಸ್ಥಾನದಿಂದ ಸಂಸ್ಥಾನಕ್ಕೆ ಓಡುವ ವಾಹನವು ಅಲ್ಲಿ ಕೇಂದ್ರದ ಶಾಸನಕ್ಕೆ ಒಳಪಟ್ಟದ್ದು. ಅಂಥ ಬಸ್ಸಿನ ಆಸನಗಳಲ್ಲಿ ವರ್ಣಭೇದ ಸಲ್ಲದೆಂದು 1946ರಲ್ಲಿಯೂ, ನಿಲ್ದಾಣದ ಉಪಾಹಾರಗೃಹದಲ್ಲಿ ಸಹ ಸಲ್ಲದೆಂದು 1960ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ದಕ್ಷಿಣದ ಸಂಸ್ಥಾನಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

1961ರ ಮೇ 4ರಂದು ಕಪ್ಪು ಜನರೂ ಬಿಳಿಯರೂ ಕೂಡಿದ 13 ಮಂದಿ ವಾಷಿಂಗ್ಟನ್ನಿನಲ್ಲಿ ಟಿಕೆಟು ಕೊಂಡು ಹೊರಟರು. ಅವರು ಮಾಡಿದ್ದು ಇಷ್ಟೇ: ಒಟ್ಟಿಗೆ ಕುಳಿತರು. ಮೇ 14ರಂದು ಆನಿಸ್ಟನ್ನಿನ ಬಳಿ ಒಂದು ಬಸ್ಸಿಗೆ ದುಷ್ಕರ್ಮಿಗಳು ಬೆಂಕಿಯಿಟ್ಟರು. ಪ್ರಯಾಣ ನಿಲ್ಲಬಾರದೆಂದು ನ್ಯಾಶ್‌ವಿಲ್ಲಿನ ವಿದ್ಯಾರ್ಥಿಗಳು ಮುಂದೆ ಬಂದರು. ಅವರು ಮೇ 20ರಂದು ಮಾಂಟ್‌ಗೊಮರಿಯ ಗ್ರೇಹೌಂಡ್ ನಿಲ್ದಾಣದಲ್ಲಿ ಇಳಿದಾಗ ರಕ್ಷಣೆಗೆ ಪೊಲೀಸರಿರಲಿಲ್ಲ, ಕಾದಿದ್ದ ಗುಂಪು ಮೇಲೆರಗಿತು. ಮುಂದೆ 1987ರಿಂದ 2020ರವರೆಗೆ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದ ಜಾನ್ ಲೂಯಿಸ್ ಅಂದು ಪ್ರಜ್ಞೆ ತಪ್ಪಿ ನೆಲಕ್ಕುರುಳಿದ್ದರು.

ಅದೇ ವರ್ಷದ ನವೆಂಬರ್ 1ರಿಂದ ಕೇಂದ್ರದ ಹೊಸ ನಿಯಮ ಜಾರಿಗೆ ಬಂದು ನಿಲ್ದಾಣಗಳಲ್ಲಿನ ಭೇದದ ಫಲಕಗಳನ್ನು ತೆಗೆಯಬೇಕಾಯಿತು. ಮಾಂಟ್‌ಗೊಮರಿಯ ಆ ನಿಲ್ದಾಣ 2011ರಿಂದ ವಸ್ತುಸಂಗ್ರಹಾಲಯವಾಗಿದೆ. ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ.