ಪಳಗಿಸಿದ ಯಂತ್ರ

ಹೊಸದಾಗಿ ನೊಗಕ್ಕೆ ಬಂದ ಹೋರಿಯನ್ನು ಯಾವ ರೈತನೂ ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ಬರಿಯ ನೊಗವನ್ನು ಹೆಗಲಿಗೇರಿಸಿ, ಪಳಗಿದ ಎತ್ತಿನ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಬರಿಗಾಡಿಗೆ ಕಟ್ಟಿ, ದಿನದಿನಕ್ಕೆ ಭಾರವನ್ನು ಹೆಚ್ಚಿಸುತ್ತಾನೆ. ಆತುರಪಟ್ಟರೆ ಹೆಗಲು ಹುಣ್ಣಾಗಿ, ಹೋರಿಯು ನೊಗವನ್ನು ಕಂಡರೇ ಬೆದರುವಂತಾಗುತ್ತದೆ. ಪ್ರಾಣಿಗೆ ಒಪ್ಪುವ ಈ ಕ್ರಮವು ಯಂತ್ರಕ್ಕೂ ಒಪ್ಪುತ್ತದೆ. ಕಾರ್ಖಾನೆಯಿಂದ ಹೊರಬಂದ ಹೊಸ ಯಂತ್ರವು ನೋಟಕ್ಕೆ ಪೂರ್ಣವಾಗಿದ್ದರೂ ಅದರ ಭಾಗಗಳು ಇನ್ನೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಅವುಗಳನ್ನು ಹೊಂದಿಸುವ ಕೆಲಸವನ್ನು ಯಂತ್ರದ ಒಡೆಯನೇ ಮಾಡಬೇಕಾಗುತ್ತದೆ. ಇದನ್ನು ಅರಿಯುವುದಕ್ಕೆ ದೊಡ್ಡ ಕಾರ್ಖಾನೆಗೆ ಹೋಗಬೇಕಾದುದಿಲ್ಲ. ಎರಡು ಕೈಗಳಲ್ಲಿ ಎತ್ತಿ ಹಿಡಿಯಬಹುದಾದ ಒಂದು ಆಟದ ವಾಹನವೇ ಸಾಕು. ರೇಡಿಯೊ ಅಲೆಗಳ ಮೂಲಕ ದೂರದಿಂದಲೇ ನಡೆಸುವ ಈ ವಾಹನಕ್ಕೆ ‘ಮಾನ್‌ಸ್ಟರ್ ಟ್ರಕ್’, ಎಂದರೆ ದೈತ್ಯ ಟ್ರಕ್ಕು, ಎಂದು ಹೆಸರು.

ಗಾತ್ರದಲ್ಲಿ ಚಿಕ್ಕದಾದ ಇದಕ್ಕೆ ದೈತ್ಯನ ಹೆಸರು ಬಂದುದಕ್ಕೆ ಕಾರಣವುಂಟು. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಬಳಿಯಲ್ಲಿ ಬಾಬ್ ಚಾಂಡ್ಲರ್ ಎಂಬವರು 1974ರ ಮಾದರಿಯ ಫೋರ್ಡ್ ಟ್ರಕ್ಕೊಂದಕ್ಕೆ ದೊಡ್ಡ ದೊಡ್ಡ ಚಕ್ರಗಳನ್ನು ಜೋಡಿಸುತ್ತ ಹೋದರು. ಚಕ್ರಗಳು ದೊಡ್ಡವಾದಂತೆ ಹಳೆಯ ಅಚ್ಚುಗಳು ತಾಳಲಾರದೆ ಹೋದವು. ಸೇನಾ ವಾಹನಗಳ ಬಲವಾದ ಅಚ್ಚುಗಳನ್ನು ತಂದು ಹಾಕಬೇಕಾಯಿತು. ಹೀಗೆ ಬೆಳೆದ ಆ ವಾಹನಕ್ಕೆ ‘ಬಿಗ್‌ಫುಟ್’ ಎಂಬ ಹೆಸರಾಯಿತು. 1981ರಲ್ಲಿ ಅದು ಹಳೆಯ ಕಾರುಗಳ ಮೇಲೆ ಹತ್ತಿ ಅವುಗಳನ್ನು ಅಪ್ಪಚ್ಚಿಮಾಡಿದಾಗ ಜನರು ಬೆರಗಾದರು. ಇಂತಹ ಟ್ರಕ್ಕುಗಳ ಪುಟ್ಟ ಪ್ರತಿರೂಪಗಳೂ ಬೇಗನೆ ಮಾರುಕಟ್ಟೆಗೆ ಬಂದವು. ಜಪಾನಿನ ತಮಿಯಾ ಸಂಸ್ಥೆಯು 1987ರಲ್ಲಿ ‘ಕ್ಲಾಡ್ ಬಸ್ಟರ್’ ಎಂಬ ವಾಹನವನ್ನು ಹೊರತಂದಿತು. ಅದಕ್ಕೆ ಎರಡು ವಿದ್ಯುತ್ ಮೋಟಾರುಗಳಿದ್ದವು. ನಾಲ್ಕು ಚಕ್ರಗಳೂ ಎಳೆಯುತ್ತಿದ್ದವು, ನಾಲ್ಕೂ ತಿರುಗುತ್ತಿದ್ದವು. ಅಮೆರಿಕದ ಟ್ರಾಕ್ಸಾಸ್ ಸಂಸ್ಥೆಯು 1999ರಲ್ಲಿ ಇಂಧನದಿಂದ ನಡೆಯುವ ‘ಟಿ-ಮ್ಯಾಕ್ಸ್’ ಎಂಬುದನ್ನು ತಂದಿತು. ಕಾಣದ ಅಲೆಗಳಿಂದ ವಾಹನವನ್ನು ನಡೆಸುವ ವಿದ್ಯೆಯಾದರೋ ಇನ್ನೂ ಹಳೆಯದು. 1898ರಲ್ಲಿಯೇ ನಿಕೋಲ ಟೆಸ್ಲಾ ಅವರು ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯ ಸಂಪರ್ಕವಿಲ್ಲದೆ ನಡೆಸಿ ತೋರಿಸಿದ್ದರು.

ಹೊಸ ಟ್ರಕ್ಕನ್ನು ಪೆಟ್ಟಿಗೆಯಿಂದ ತೆಗೆದ ಹುಡುಗನಿಗೆ ಅದನ್ನು ಕೂಡಲೇ ಓಡಿಸಿಬಿಡಬೇಕೆಂಬ ಆಸೆಯಾಗುವುದು ಸಹಜ. ಆದರೆ ತಿಳಿದವರು ಮೊದಲು ತಿರುಪುಳಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಲೋಹಕ್ಕೆ ಲೋಹವನ್ನು ಬಿಗಿದಿರುವ ತಿರುಪುಗಳು ಯಂತ್ರದ ನಡುಕಕ್ಕೆ ತಾವಾಗಿಯೇ ಸಡಿಲುತ್ತವೆ. ಆದುದರಿಂದ ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ತಿರುಪನ್ನು ಹಿಡಿದಿಡುವ ಅಂಟಿನ ಒಂದು ಹನಿಯನ್ನು ಹಾಕಿ ಬಿಗಿಯಬೇಕು. ಪ್ಲಾಸ್ಟಿಕ್ಕಿಗೆ ಹಾಕಿದ ತಿರುಪುಗಳಿಗೆ ಈ ಅಂಟು ಸಲ್ಲದು. ಬಳಿಕ ರೇಡಿಯೊವನ್ನು ಪರೀಕ್ಷಿಸಬೇಕು. ಕೈಯಲ್ಲಿ ಹಿಡಿಯುವ ಪ್ರೇಷಕವನ್ನು ಮೊದಲು ಚಾಲೂ ಮಾಡಿ, ವಾಹನದಲ್ಲಿರುವ ಗ್ರಾಹಕವನ್ನು ಆಮೇಲೆ ಚಾಲೂ ಮಾಡಬೇಕು. ನಿಲ್ಲಿಸುವಾಗ ಈ ಕ್ರಮವನ್ನು ತಿರುಗುಮುರುಗು ಮಾಡಬೇಕು. ಹೀಗೆ ಮಾಡದಿದ್ದರೆ ಒಡೆಯನ ಆಜ್ಞೆಯಿಲ್ಲದ ವಾಹನವು ತನ್ನಷ್ಟಕ್ಕೆ ತಾನೇ ಹೊರಟುಬಿಡಬಹುದು. ಗಂಟೆಗೆ 60 ಕಿಲೋಮೀಟರು ವೇಗವನ್ನು ಮೀರಬಲ್ಲ, ಕೆಲವು ಕಿಲೋಗ್ರಾಂ ತೂಕದ ವಸ್ತುವು ಹಿಡಿತ ತಪ್ಪಿ ಓಡಿದರೆ ಅದನ್ನು ಆಟಿಕೆಯೆಂದು ಕರೆಯುವಂತಿಲ್ಲ.

ಇನ್ನು ಎಂಜಿನಿನ ವಿಚಾರ. ಈ ಪುಟ್ಟ ಎಂಜಿನಿನ ಸಿಲಿಂಡರಿನ ಅಳತೆಯು ಸುಮಾರು ಎರಡೂವರೆ ಘನ ಸೆಂಟಿಮೀಟರಿನಿಂದ ಆರಂಭವಾಗುತ್ತದೆ. ಅಷ್ಟರಲ್ಲಿಯೇ ಅದು ನಿಮಿಷಕ್ಕೆ 30,000 ಸುತ್ತುಗಳಷ್ಟು ತಿರುಗಬಲ್ಲದು. ಇದಕ್ಕೆ ಪೆಟ್ರೋಲು ಬೇಕಾಗಿಲ್ಲ. ಮೆಥನಾಲ್, ನೈಟ್ರೊಮೀಥೇನ್ ಮತ್ತು ಎಣ್ಣೆ ಇವುಗಳ ಮಿಶ್ರಣವೇ ಇದರ ಇಂಧನ. ಈ ಎಣ್ಣೆಯಲ್ಲಿ ನಮ್ಮ ಮನೆಗಳಲ್ಲಿ ಬಳಸುವ ಹರಳೆಣ್ಣೆಯೂ ಸೇರಿರುವುದುಂಟು. ಎಂಜಿನಿಗೆ ಬೇರೆಯಾಗಿ ಎಣ್ಣೆ ಹಾಕುವ ಏರ್ಪಾಡು ಇಲ್ಲವಾದುದರಿಂದ, ಇಂಧನದೊಡನೆ ಬರುವ ಎಣ್ಣೆಯೇ ಅದರ ಭಾಗಗಳನ್ನು ಸವೆಯದಂತೆ ಕಾಪಾಡಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ.

ಸಾಮಾನ್ಯವಾಗಿ ಇಂತಹ ಎಂಜಿನಿನಲ್ಲಿ ಪಿಸ್ಟನ್ನು ಅಲ್ಯೂಮಿನಿಯಮ್ಮಿನದು. ಅದು ಚಲಿಸುವ ಕೊಳವೆಯು ಹಿತ್ತಾಳೆಯದು. ಕೊಳವೆಯ ಒಳಮೈಗೆ ಕ್ರೋಮಿಯಂ ಲೇಪವಿರುತ್ತದೆ. ಆ ಕೊಳವೆಯು ಕೆಳಗೆ ತುಸು ಅಗಲವಾಗಿದ್ದು ಮೇಲೆ ಕಿರಿದಾಗಿರುವಂತೆ ಮಾಡಿರುತ್ತಾರೆ. ಆದುದರಿಂದ ಎಂಜಿನು ತಣ್ಣಗಿರುವಾಗ ಪಿಸ್ಟನ್ನು ಮೇಲ್ತುದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಎಂಜಿನು ಬಿಸಿಯಾದಾಗ ಹಿತ್ತಾಳೆಯ ಕೊಳವೆಯು ಹಿಗ್ಗಿ, ಬಿಗಿತವು ಬೇಕಾದಷ್ಟೇ ಸಡಿಲುತ್ತದೆ. ಹೊಸ ಎಂಜಿನಿನಲ್ಲಿ ಈ ಎರಡು ಮೈಗಳೂ ಇನ್ನೂ ಒರಟು. ಬರಿಗಣ್ಣಿಗೆ ಕಾಣದ ಉಬ್ಬುತಗ್ಗುಗಳು ಒಂದನ್ನೊಂದು ಉಜ್ಜಿ ಸಮವಾಗಬೇಕು. ಅದು ಮೆಲ್ಲಗೆ ನಡೆದರೆ ನಯವಾದ ಜೋಡಣೆಯಾಗುತ್ತದೆ. ಅವಸರದಲ್ಲಿ ನಡೆದರೆ ಕೆರೆದ ಗಾಯವಾಗುತ್ತದೆ. ಒಮ್ಮೆ ಗಾಯವಾದ ಪಿಸ್ಟನ್ನು ಮತ್ತೆ ಸರಿಹೋಗುವುದಿಲ್ಲ.

ಪಳಗಿಸುವ ವಿಧಾನವು ಹೀಗಿದೆ. ಕಾರ್ಬ್ಯುರೇಟರಿನಲ್ಲಿ ಇಂಧನದ ಪ್ರಮಾಣವನ್ನು ನಿಯಂತ್ರಿಸುವ ಸೂಜಿಯಂತಹ ತಿರುಪೊಂದುಂಟು. ಅದನ್ನು ಎಡಕ್ಕೆ ತಿರುಗಿಸಿದರೆ ಇಂಧನ ಹೆಚ್ಚುತ್ತದೆ, ಬಲಕ್ಕೆ ತಿರುಗಿಸಿದರೆ ಕಡಿಮೆಯಾಗುತ್ತದೆ. ಮೊದಲ ದಿನ ಇಂಧನವನ್ನು ಹೆಚ್ಚಾಗಿಯೇ ಬಿಡಬೇಕು. ಆಗ ಎಂಜಿನು ಮಂದವಾಗಿ, ಹೊಗೆಯನ್ನು ಉಗುಳುತ್ತ ನಡೆಯುತ್ತದೆ. ನೋಡುವವರಿಗೆ ಅದು ಸೊಗಸಾಗಿ ಕಾಣದು. ಆದರೆ ಆ ಹೊಗೆಯೇ ಎಣ್ಣೆಯು ಒಳಗೆ ಹರಿಯುತ್ತಿದೆಯೆಂಬುದಕ್ಕೆ ಸಾಕ್ಷಿ. ತಯಾರಕರ ಪುಸ್ತಿಕೆಯಲ್ಲಿ ಹೇಳಿದಂತೆ, ಸಾಮಾನ್ಯವಾಗಿ ನಾಲ್ಕೈದು ಟ್ಯಾಂಕುಗಳಷ್ಟು ಇಂಧನವು ಮುಗಿಯುವವರೆಗೆ ಹೀಗೆ ಮೆಲ್ಲಗೆ ಓಡಿಸಬೇಕು. ಒಂದೊಂದು ಟ್ಯಾಂಕು ಮುಗಿದಾಗಲೂ ಎಂಜಿನನ್ನು ನಿಲ್ಲಿಸಿ, ಹತ್ತು ಹದಿನೈದು ನಿಮಿಷ ತಣಿಯಲು ಬಿಡಬೇಕು. ತಣಿಯುವಾಗ ಪಿಸ್ಟನ್ನು ಕೆಳತುದಿಯಲ್ಲಿರುವಂತೆ ನೋಡಿಕೊಳ್ಳಬೇಕು. ಅದು ಮೇಲ್ತುದಿಯಲ್ಲಿ ನಿಂತರೆ, ಕುಗ್ಗುತ್ತಿರುವ ಕೊಳವೆಯು ಅದನ್ನು ಹಿಡಿದುಬಿಡುತ್ತದೆ. ಪ್ರತಿ ಟ್ಯಾಂಕಿಗೂ ವೇಗವನ್ನು ತುಸು ಹೆಚ್ಚಿಸುತ್ತ, ಕೊನೆಯಲ್ಲಿ ಸೂಜಿಯನ್ನು ಪ್ರತಿ ಸಲವೂ ಒಂದು ಸುತ್ತಿನ ಎಂಟನೆಯ ಒಂದು ಪಾಲಿಗಿಂತ ಹೆಚ್ಚಿಲ್ಲದಂತೆ ಬಲಕ್ಕೆ ತಿರುಗಿಸಬೇಕು. ಓಡುವ ಎಂಜಿನಿನ ಉಷ್ಣತೆಯು ಸಾಮಾನ್ಯವಾಗಿ 95ರಿಂದ 115 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ ಕ್ಷೇಮ.

ಆತುರಗಾರನು ಮಾಡುವ ತಪ್ಪು ಇಲ್ಲಿಯೇ. ಇಂಧನವನ್ನು ಕಡಿಮೆಮಾಡಿದರೆ ಎಂಜಿನು ಒಮ್ಮೆಗೇ ಚುರುಕಾಗುತ್ತದೆ, ಅದರ ಧ್ವನಿ ಏರುತ್ತದೆ, ಟ್ರಕ್ಕು ಬಾಣದಂತೆ ನುಗ್ಗುತ್ತದೆ. ಅವನು ಗೆದ್ದೆನೆಂದು ಹಿಗ್ಗುತ್ತಾನೆ. ಆದರೆ ಇಂಧನ ಕಡಿಮೆಯಾದಾಗ ಅದರೊಡನೆ ಎಣ್ಣೆಯೂ ಕಡಿಮೆಯಾಗಿದೆಯೆಂಬುದನ್ನು ಅವನು ಮರೆತಿರುತ್ತಾನೆ. ಕೆಲವೇ ನಿಮಿಷಗಳಲ್ಲಿ ಎಂಜಿನು ಕಾದು, ಪಿಸ್ಟನ್ನು ಕಚ್ಚಿಕೊಂಡು ನಿಲ್ಲುತ್ತದೆ. ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ ಕೊಂಡ ವಸ್ತುವು ಒಂದು ಸಂಜೆಯ ಆತುರದಿಂದ ಹಾಳಾಗುತ್ತದೆ.

ಈ ಇಂಧನವನ್ನು ಬಳಸುವಾಗ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮೆಥನಾಲ್ ಕಡು ವಿಷ. ಅದು ಹೊಟ್ಟೆಗೆ ಸೇರಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಅದು ಹತ್ತಿಕೊಂಡಾಗ ಹಗಲಿನಲ್ಲಿ ಜ್ವಾಲೆಯು ಕಣ್ಣಿಗೆ ಕಾಣಿಸುವುದೇ ಕಷ್ಟ. ಆದುದರಿಂದ ಹಿರಿಯರ ಸಮ್ಮುಖದಲ್ಲಿ, ಬಯಲಿನಲ್ಲಿ ಮಾತ್ರವೇ ಅದನ್ನು ಬಳಸತಕ್ಕದ್ದು. ಅದು ಗಾಳಿಯ ತೇವವನ್ನು ಹೀರಿ ಬೇರಿಂಗುಗಳಿಗೆ ತುಕ್ಕು ಹಿಡಿಸುವುದರಿಂದ, ಆಟ ಮುಗಿದ ಮೇಲೆ ಟ್ಯಾಂಕನ್ನು ಬರಿದುಮಾಡಿ, ಎಂಜಿನಿಗೆ ಕೆಲವು ಹನಿ ರಕ್ಷಕ ತೈಲವನ್ನು ಬಿಡಬೇಕು.

ಈಚಿನ ವರ್ಷಗಳಲ್ಲಿ ವಿದ್ಯುತ್ತಿನಿಂದ ನಡೆಯುವ ಟ್ರಕ್ಕುಗಳ ಬಳಕೆಯು ಹೆಚ್ಚಿದೆ. ಇವುಗಳಲ್ಲಿಯೂ ಎರಡು ಬಗೆ. ಹಳೆಯ ಬಗೆಯ ಮೋಟಾರಿನಲ್ಲಿ ಇಂಗಾಲದ ಕುಂಚಗಳು ತಿರುಗುವ ತಾಮ್ರದ ಉರುಳೆಯನ್ನು ಮುಟ್ಟಿಕೊಂಡು ವಿದ್ಯುತ್ತನ್ನು ಒಯ್ಯುತ್ತವೆ. ಹೊಸ ಕುಂಚದ ತುದಿಯು ಉರುಳೆಯ ಬಾಗಿಗೆ ಸರಿಯಾಗಿ ಒಪ್ಪದೆ ಇದ್ದರೆ ಕಿಡಿಗಳು ಹಾರುತ್ತವೆ. ಆದುದರಿಂದ ಮೊದಲು ಕಡಿಮೆ ವೋಲ್ಟೇಜಿನಲ್ಲಿ, ಭಾರವಿಲ್ಲದೆ ತಿರುಗಿಸಿ ಕುಂಚವು ಸವೆದು ಒಪ್ಪವಾಗುವಂತೆ ಮಾಡುತ್ತಾರೆ. ಹೊಸ ಬಗೆಯ ಮೋಟಾರಿನಲ್ಲಿ ಕುಂಚಗಳೇ ಇಲ್ಲವಾದುದರಿಂದ ಅದನ್ನು ಪಳಗಿಸಬೇಕಾದುದಿಲ್ಲ. ಆದರೂ ಹಲ್ಲುಚಕ್ರಗಳ ಮತ್ತು ಬೇರಿಂಗುಗಳ ಸಲುವಾಗಿ ಮೊದಲ ಓಟವು ಮೆಲ್ಲಗಿರುವುದೇ ಮೇಲು. ಆ ಓಟವಾದ ಬಳಿಕ ತಿರುಪುಗಳನ್ನು ಮತ್ತೊಮ್ಮೆ ನೋಡಬೇಕು.

ಹೀಗೆ ಪಳಗಿದ ಟ್ರಕ್ಕನ್ನು ಇನ್ನೂ ಉತ್ತಮಪಡಿಸುವ ಆಸೆಯು ಮುಂದಿನ ಹಂತ. ಅಂಗಡಿಗಳಲ್ಲಿ ಬಲವಾದ ಮೋಟಾರು, ಹೆಚ್ಚಿನ ವೋಲ್ಟೇಜಿನ ಬ್ಯಾಟರಿ, ದೊಡ್ಡ ಚಕ್ರ, ಲೋಹದ ಭಾಗಗಳು ಎಲ್ಲವೂ ದೊರೆಯುತ್ತವೆ. ಯಾವುದನ್ನು ಬದಲಾಯಿಸಿದರೆ ಏನಾಗುತ್ತದೆಂಬುದನ್ನು ಸ್ವಲ್ಪ ಲೆಕ್ಕಹಾಕಿ ನೋಡಬಹುದು. ಟ್ರಕ್ಕಿನ ಚಕ್ರದ ವ್ಯಾಸವು 14 ಸೆಂಟಿಮೀಟರು ಎಂದು ಭಾವಿಸೋಣ. ಒಂದು ಸುತ್ತಿಗೆ ಅದು 44 ಸೆಂಟಿಮೀಟರು ಮುಂದೆ ಹೋಗುತ್ತದೆ. ಅದರ ಬದಲು 17.5 ಸೆಂಟಿಮೀಟರಿನ ಚಕ್ರವನ್ನು ಹಾಕಿದರೆ ಒಂದು ಸುತ್ತಿಗೆ 55 ಸೆಂಟಿಮೀಟರು ಹೋಗುತ್ತದೆ. ಮೋಟಾರು ಅದೇ ವೇಗದಲ್ಲಿ ತಿರುಗಿದರೂ ಟ್ರಕ್ಕಿನ ವೇಗ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಿತು. ಲಾಭವೇ ಬಂದಂತೆ ತೋರುತ್ತದೆ. ಆದರೆ ದೊಡ್ಡ ಚಕ್ರವನ್ನು ತಿರುಗಿಸಲು ಮೋಟಾರು ಹೆಚ್ಚು ಶ್ರಮಪಡಬೇಕು. ಅದರಿಂದ ಅದು ಹೆಚ್ಚು ಕಾಯುತ್ತದೆ. ಆದಕಾರಣ ಚಕ್ರವನ್ನು ದೊಡ್ಡದು ಮಾಡಿದವನು ಮೋಟಾರಿನ ತುದಿಯ ಹಲ್ಲುಚಕ್ರವನ್ನು ಚಿಕ್ಕದು ಮಾಡಬೇಕು.

ಬ್ಯಾಟರಿಯ ಮಾತೂ ಹೀಗೆಯೇ. ಲಿಥಿಯಮ್ ಪಾಲಿಮರ್ ಬ್ಯಾಟರಿಯ ಒಂದು ಕೋಶದ ವೋಲ್ಟೇಜು 3.7. ಎರಡು ಕೋಶಗಳಿದ್ದಲ್ಲಿ ಮೂರನ್ನು ಹಾಕಿದರೆ ವೋಲ್ಟೇಜು 7.4ರಿಂದ 11.1ಕ್ಕೆ, ಎಂದರೆ ಒಂದೂವರೆಯಷ್ಟಕ್ಕೆ ಏರುತ್ತದೆ. ವೇಗವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಟ್ರಕ್ಕು ಕಲ್ಲಿಗೆ ಬಡಿದಾಗ ಬೀಳುವ ಪೆಟ್ಟಿನ ಶಕ್ತಿಯು ಒಂದೂವರೆಯಷ್ಟಲ್ಲ, ಎರಡೂಕಾಲರಷ್ಟಾಗುತ್ತದೆ. ಅದನ್ನು ತಾಳಬೇಕಾದುವು ಹಳೆಯ ಭಾಗಗಳೇ. ಈ ಬಗೆಯ ಬ್ಯಾಟರಿಯನ್ನು ಅತಿಯಾಗಿ ತುಂಬಿಸಿದರೂ, ಅದಕ್ಕೆ ಪೆಟ್ಟಾದರೂ ಬೆಂಕಿ ಹತ್ತುವ ಭಯವುಂಟು. ಅದಕ್ಕೆಂದೇ ಮಾಡಿದ ಚಾರ್ಜರಿನಿಂದ, ಸುಡದ ನೆಲದ ಮೇಲೆ, ಎದುರಿಗೆ ಕುಳಿತೇ ಅದನ್ನು ತುಂಬಿಸಬೇಕು.

ಮುರಿದ ಭಾಗಕ್ಕೆಲ್ಲ ಲೋಹದ ಭಾಗವನ್ನು ಹಾಕಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಚಕ್ರವನ್ನು ಹಿಡಿದಿರುವ ನೈಲಾನಿನ ತೋಳು ಮುರಿಯಿತೆಂದು ಇಟ್ಟುಕೊಳ್ಳೋಣ. ಆ ಜಾಗಕ್ಕೆ ಅಲ್ಯೂಮಿನಿಯಮ್ಮಿನ ತೋಳು ಬಂದಿತು. ಮುಂದಿನ ಸಲ ಪೆಟ್ಟು ಬಿದ್ದಾಗ ತೋಳು ಮುರಿಯುವುದಿಲ್ಲ; ಅದರ ಹಿಂದಿರುವ, ಬೆಲೆಯಲ್ಲಿ ಹೆಚ್ಚಿನದಾದ ಗೇರುಪೆಟ್ಟಿಗೆಯು ಸೀಳುತ್ತದೆ. ನೈಲಾನಿನ ತೋಳು ಬಾಗಿ, ಪೆಟ್ಟನ್ನು ತನ್ನಲ್ಲಿಯೇ ಇಂಗಿಸಿಕೊಂಡು, ಮತ್ತೆ ನೆಟ್ಟಗಾಗುತ್ತಿತ್ತು. ತಾಳಲಾರದಾಗ ತಾನು ಮುರಿದು ಒಳಗಿನದನ್ನು ಉಳಿಸುತ್ತಿತ್ತು. ದಿಕ್ಕನ್ನು ತಿರುಗಿಸುವ ಪುಟ್ಟ ಮೋಟಾರಿಗೂ ಚಕ್ರಗಳಿಗೂ ನಡುವೆ ಒಂದು ಸ್ಪ್ರಿಂಗನ್ನು ಬೇಕೆಂದೇ ಇಟ್ಟಿರುತ್ತಾರೆ. ಚಕ್ರಕ್ಕೆ ಬಿದ್ದ ಪೆಟ್ಟು ಆ ಮೋಟಾರಿನ ಹಲ್ಲುಗಳನ್ನು ಮುಟ್ಟದಂತೆ ಅದು ಮಣಿಯುತ್ತದೆ. ವಿದ್ಯುತ್ತಿನ ಮನೆಯಲ್ಲಿ ಫ್ಯೂಸು ಮಾಡುವ ಕೆಲಸವನ್ನು ಇಲ್ಲಿ ಇವು ಮಾಡುತ್ತವೆ. ಯಂತ್ರದಲ್ಲಿ ದುರ್ಬಲವೆಂದು ಕಾಣುವುದೆಲ್ಲವೂ ದೋಷವಲ್ಲ; ಕೆಲವು ಭಾಗಗಳು ಮಣಿಯುವುದಕ್ಕಾಗಿಯೇ ಹುಟ್ಟಿದ ಕಾವಲುಗಾರರು.

ಹಾಗೆಂದು ಯಾವ ಬದಲಾವಣೆಯನ್ನೂ ಮಾಡಬಾರದೆಂದಲ್ಲ. ತಿರುಗುವ ಕಡೆಗಳಲ್ಲಿ ಬರಿಯ ಬಳೆಗಳಿದ್ದರೆ ಅವುಗಳ ಬದಲು ಗುಂಡುಗಳ ಬೇರಿಂಗುಗಳನ್ನು ಹಾಕುವುದು ಮೊದಲ ಸುಧಾರಣೆ. ಘರ್ಷಣೆ ಕಡಿಮೆಯಾಗಿ, ಅದೇ ಬ್ಯಾಟರಿಯು ಹೆಚ್ಚು ಹೊತ್ತು ಬರುತ್ತದೆ. ಅದರಿಂದ ಯಾವ ಭಾಗದ ಮೇಲೂ ಹೊರೆ ಬೀಳುವುದಿಲ್ಲ. ನೆಲಕ್ಕೆ ತಕ್ಕಂತೆ ಷಾಕ್ ಅಬ್ಸಾರ್ಬರುಗಳ ಎಣ್ಣೆಯನ್ನು ಬದಲಾಯಿಸುವುದು ಎರಡನೆಯದು. ಗಟ್ಟಿ ಎಣ್ಣೆಯು ಟ್ರಕ್ಕಿನ ಕುಣಿತವನ್ನು ಬೇಗ ನಿಲ್ಲಿಸುತ್ತದೆ. ತೆಳ್ಳನೆಯ ಎಣ್ಣೆಯು ಚಕ್ರಗಳನ್ನು ಉಬ್ಬುತಗ್ಗಿನ ನೆಲಕ್ಕೆ ಅಂಟಿಕೊಂಡಿರುವಂತೆ ಮಾಡುತ್ತದೆ. ಹಲ್ಲುಚಕ್ರವನ್ನು ಬದಲಾಯಿಸಿದಾಗ ಎರಡು ಚಕ್ರಗಳ ಹಲ್ಲುಗಳ ನಡುವೆ ತೆಳುವಾದ ಕಾಗದದ ಪಟ್ಟಿಯನ್ನಿಟ್ಟು ಕೂಡಿಸಿ, ಮೋಟಾರನ್ನು ಬಿಗಿದು, ಕಾಗದವನ್ನು ಹೊರಗೆ ತೆಗೆಯುತ್ತಾರೆ. ಅಷ್ಟು ಎಡೆಯಿದ್ದರೆ ಹಲ್ಲುಗಳು ಬಿಗಿದುಕೊಳ್ಳುವುದೂ ಇಲ್ಲ, ಜಾರುವುದೂ ಇಲ್ಲ. ಮೋಟಾರು, ಬ್ಯಾಟರಿಗಳ ಸರದಿಯು ಬರಬೇಕಾದುದು ಇವೆಲ್ಲ ಆದ ಮೇಲೆ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಿ, ಓಡಿಸಿ, ಮೋಟಾರಿನ ಬಿಸಿಯನ್ನು ನೋಡಿ, ಕಂಡುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ ಪದ್ಧತಿ. ಎರಡು ಬದಲಾವಣೆಗಳನ್ನು ಒಮ್ಮೆಗೇ ಮಾಡಿದವನಿಗೆ ಯಾವುದರಿಂದ ಗುಣವಾಯಿತು, ಯಾವುದರಿಂದ ದೋಷವಾಯಿತು ಎಂಬುದು ತಿಳಿಯುವುದಿಲ್ಲ. ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಅನುಸರಿಸುವ ಕ್ರಮವೂ ಇದೇ ಆಗಿದೆ.

ಚಾಂಡ್ಲರ್ ಅವರ ಟ್ರಕ್ಕು ಒಂದೇ ದಿನದಲ್ಲಿ ದೈತ್ಯನಾಗಲಿಲ್ಲ. ಚಕ್ರವು ದೊಡ್ಡದಾದಾಗ ಅಚ್ಚನ್ನೂ ಬಲಪಡಿಸುತ್ತ, ವರುಷಗಳ ದುಡಿಮೆಯಿಂದ ಅದು ಬೆಳೆಯಿತು. ಅದರ ಪುಟ್ಟ ಪ್ರತಿರೂಪವನ್ನು ಕೈಗೆ ತೆಗೆದುಕೊಂಡ ಹುಡುಗನೂ ಅದೇ ಪಾಠವನ್ನು ಕಲಿಯುತ್ತಾನೆ. ತನ್ನ ಯಂತ್ರದ ಒಂದೊಂದು ಭಾಗವೂ ಏಕೆ ಹಾಗಿದೆಯೆಂದು ತಿಳಿದವನು ಅದನ್ನು ಬದಲಾಯಿಸಲು ಅರ್ಹನಾಗುತ್ತಾನೆ. ಮೊದಲ ದಿನ ಹೊಗೆಯುಗುಳುತ್ತ ಮೆಲ್ಲಗೆ ತೆವಳುವ ಟ್ರಕ್ಕನ್ನು ಕಂಡು ಗೆಳೆಯರು ನಕ್ಕರೆ ಅವನು ಬೇಸರಪಡಬೇಕಾದುದಿಲ್ಲ. ನೊಗಕ್ಕೆ ಮೆಲ್ಲಗೆ ಪಳಗಿದ ಹೋರಿಯೇ ಮುಂದೆ ಬಹುಕಾಲ ಭಾರವನ್ನು ಎಳೆಯುತ್ತದೆ.